ಅಪ್ಪನ ಹೆಬ್ಬೆರಳು

ಅಪ್ಪ ಎಡಗೈಯ ಹೆಬ್ಬೆರಳನ್ನು ತುಟಿಗೆ ಒತ್ತಿ ಹಿಡಿದು ಕೆನ್ನೆ ಉಬ್ಬಿಸುತ್ತಿದ್ದ. ಬಾಯೊಳಗಿನ ಗಾಳಿ ಪುಸ್ಸೆಂದು ಹೊರನುಗ್ಗಿ ಬೆರಳನ್ನು ತಳ್ಳಿದೊಡನೆ ನನ್ನತ್ತ ನೋಡುತ್ತಿದ್ದ. ಲಕ್ವ ಹೊಡೆದು ಅವನ ಮಾತು ನಿಂತು ತಿಂಗಳುಗಳಾಗಿದ್ದವು. ನೀರು ಕೇಳುತ್ತಿದ್ದಾನೆಂದು ತಂಬಿಗೆ ಹಿಡಿದೆ. ಅದನ್ನು ತಟ್ಟಿ ಬೀಳಿಸಿದ.

ಅವತ್ತು ನಮ್ಮೂರಿನಲ್ಲಿ ಒಂದು ಹನಿ ಮಳೆಯೂ ಬಿದ್ದಿರಲಿಲ್ಲ. ಎಲ್ಲೋ ಮೇಲಿನ ಬೆಟ್ಟಗಳಲ್ಲಿ ಸುರಿದ ನೀರು ಮಧ್ಯಾಹ್ನದ ಹೊತ್ತಿಗೆ ಕೆಂಪಗೆ ನಮ್ಮ ಹೊಳೆಗೆ ನುಗ್ಗಿತ್ತು. ಹೊಳೆಯ ನಡುವಿನ ದಿಬ್ಬಕ್ಕೆ ಸೌತೆಕಾಯಿ ಕೊಯ್ಯಲು ಹೋಗಿದ್ದ ಅಮ್ಮನೂ ಅವಳ ಜೊತೆಯ ಹೆಂಗಸರೂ ಅಲ್ಲೇ ಸಿಕ್ಕಿಬಿದ್ದಿದ್ದರು. ಹುಟ್ಟು ಹಾಕಿ ಹೊರಟ ದೋಣಿಯೊಂದು ಸೆಳವಿಗೆ ಸಿಕ್ಕಿ, ಬಹುದೂರ ಕೊಚ್ಚಿಹೋಗಿ ಹೇಗೋ ದಡ ಕಂಡಿತ್ತು. ಉಳಿದದ್ದು ಅಪ್ಪನ ಲಾಂಚು. ಹಳೆಯ ಜೀಪಿನ ಎಂಜಿನ್ ಕೂರಿಸಿದ್ದ ಅದರಲ್ಲಿ ಅವನು ವರ್ಷಗಟ್ಟಲೆ ಜನರನ್ನು ದಾಟಿಸಿದ್ದ. ಅವನು ಹಾಸಿಗೆ ಹಿಡಿದಾಗ ಎಂಜಿನ್ ಬಿಚ್ಚಿಹಾಕಿದ ಸ್ಥಿತಿಯಲ್ಲಿತ್ತು. ಪಕ್ಕದ ಮನೆಯ ಗುರುವಣ್ಣನೂ ನಾನೂ ಅದನ್ನು ಮತ್ತೆ ಜೋಡಿಸಿದ್ದೆವು, ಆದರೆ ಒಮ್ಮೆಯೂ ಚಾಲೂ ಮಾಡಿರಲಿಲ್ಲ. ಕಿಡಿ ಯಾವ ಗಳಿಗೆಗೆ ಹಾರಬೇಕೆಂದು ಹೊಂದಿಸುವ ಟೈಮಿಂಗ್ ಕೆಲಸ ಬಾಕಿಯಿತ್ತು.

ಅಪ್ಪನನ್ನು ಹೊತ್ತು ತಂದು ದಡದ ಬೆಂಚಿನ ಮೇಲೆ ಕೂರಿಸಿ, ನಾನೇ ಆ ಕೆಲಸಕ್ಕಿಳಿದೆ. ಎಂಜಿನ್ನಿನ ಗಾಲಿಯ ಮೇಲಿನ ಗೆರೆಯನ್ನು ಗುರುತಿನ ಮುಳ್ಳಿಗೆ ಸರಿಯಾಗಿ ತಂದು, ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಬಿಗಿದೆ. ಗುರುವಣ್ಣ ಹ್ಯಾಂಡಲ್ ತಿರುಗಿಸಿದ. ಕಾರ್ಬುರೇಟರ್ ಫಟ್ಟೆಂದು ಬೆಂಕಿ ಉಗುಳಿತು. ಮತ್ತೆ ತಿರುಗಿಸಿದ. ಹ್ಯಾಂಡಲ್ ಹಿಂದಕ್ಕೆ ಒದ್ದು ಅವನ ಮಣಿಕಟ್ಟಿಗೆ ಬಡಿಯಿತು.

"ಗೆರೆ ಸರಿಯಾಗೇ ಇದೆಯಲ್ಲ ತಂಗಿ, ಮತ್ಯಾಕೆ ಒದೀತದೆ ಇದು?"

"ಗೊತ್ತಾಗ್ತಿಲ್ಲ ಅಣ್ಣ. ಇನ್ನೊಂದ್ಸಲ ತಿರುಗ್ಸು."

ದಿಬ್ಬದ ನೆಲ ಆಗಲೇ ಮುಳುಗಿತ್ತು. ಹೆಂಗಸರು ಅಲ್ಲಿದ್ದ ಒಂದೇ ಮಾವಿನಮರವನ್ನು ತಬ್ಬಿ ನಿಂತಿದ್ದರು. ಅವರಲ್ಲಿ ಅಮ್ಮ ಯಾರೆಂದು ಈ ದಡದಿಂದ ತಿಳಿಯುತ್ತಿರಲಿಲ್ಲ. ಅಪ್ಪ ಕೆನ್ನೆ ಉಬ್ಬಿಸಲು ಶುರುಮಾಡಿದ್ದು ಆಗಲೇ.

"ಏನಪ್ಪಾ? ಏನ್ ಬೇಕು, ಹೇಳಪ್ಪಾ!" ಎಂದು ಹೇಳಲಾರದವನ ಮುಂದೆ ಕಿರುಚಿದೆ.

ಅವನ ಕಣ್ಣು ತುಂಬಿ ಬಂತು. ಮತ್ತೆ ಹೆಬ್ಬೆರಳನ್ನು ತುಟಿಗೆ ಒತ್ತಿದ, ಮತ್ತೆ ಕೆನ್ನೆ ಉಬ್ಬಿಸಿದ. ಈ ಸಲ ಬೆರಳು ಹಾರಿದೊಡನೆ ಎಡಗಾಲನ್ನು ಎಂಜಿನ್ನಿನ ಕಡೆಗೆ ಚಾಚಿದ.

ಬಾಯಿಯೆಂದರೆ ಕಿಡಿ ಹಾರಿಸುವ ಪ್ಲಗ್ಗಿನ ತೂತು!

"ಅಣ್ಣ, ಮೊದಲನೇ ಪ್ಲಗ್ ಬಿಚ್ಚು! ಬೆರಳಿಟ್ಟು ಗಾಳಿ ನೋಡ್ಬೇಕಂತೆ!"

ಪಿಸ್ಟನ್ ಮೇಲಕ್ಕೆ ಬರುವುದು ಎರಡು ಸರದಿಯಲ್ಲಿ. ಒಮ್ಮೆ ಗಾಳಿ-ಪೆಟ್ರೋಲುಗಳನ್ನು ಅದುಮಲು, ಒಮ್ಮೆ ಹೊಗೆಯನ್ನು ಹೊರದೂಡಲು. ಗೆರೆ ಎರಡು ಸಲವೂ ಮುಳ್ಳಿಗೆ ಹೊಂದುತ್ತದೆ. ಕಿಡಿ ಹಾರಬೇಕಾದದ್ದು ಅದುಮುವ ಸರದಿಯಲ್ಲಿ; ನಾನು ಹಿಡಿದದ್ದು ಹೊಗೆಯ ಸರದಿಯನ್ನು.

ತೂತಿಗೆ ಹೆಬ್ಬೆರಳು ಒತ್ತಿದೆ. ಗುರುವಣ್ಣ ಮೆಲ್ಲಗೆ ತಿರುಗಿಸಿದ. ಮೊದಲ ಸುತ್ತಿಗೆ ಏನೂ ಆಗಲಿಲ್ಲ. ಮುಂದಿನ ಸುತ್ತಿಗೆ ಗಾಳಿ ಪುಸ್ಸೆಂದು ಬೆರಳನ್ನು ಎತ್ತಿ ಎಸೆಯಿತು. ಅಪ್ಪನ ಗಂಟಲಿನಿಂದ ಅಳುವೋ ನಗುವೋ ತಿಳಿಯದಂಥ ಸದ್ದು ಹೊರಟಿತು. ಗೆರೆಯನ್ನು ಅಲ್ಲಿಗೇ ನಿಲ್ಲಿಸಿ, ಡಿಸ್ಟ್ರಿಬ್ಯೂಟರ್ ಎತ್ತಿ, ಅದರೊಳಗಿನ ತೋಳನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಇಳಿಸಿ, ಪ್ಲಗ್ಗನ್ನು ತೂತಿಗೆ ಬಿಗಿದೆ. ಗುರುವಣ್ಣ ಊದಿಕೊಂಡ ಕೈಯಿಂದಲೇ ಹ್ಯಾಂಡಲ್ ಎಳೆದ. ಎಂಜಿನ್ ಹತ್ತಿಕೊಂಡಿತು.

ನಾವಿಬ್ಬರೂ ಲಾಂಚು ಓಡಿಸಿಕೊಂಡು ದಿಬ್ಬ ಮುಟ್ಟುವಾಗ ನೀರು ಹೆಂಗಸರ ಎದೆಮಟ್ಟ ಏರಿತ್ತು. ಕೊಂಬೆಗೆ ಸೆರಗು ಬಿಗಿದುಕೊಂಡಿದ್ದ ಅಮ್ಮ, "ಮೊದ್ಲು ಪುಟ್ಟಕ್ಕನ್ನ ಎತ್ಕೊಳ್ಳಿ, ಅವಳ ಕೈ ಸೋತಿದೆ" ಎಂದಳು. ಎಲ್ಲರೂ ಹತ್ತಿದ ಮೇಲೆ ಅವಳು ಹತ್ತಿದಳು.

ದಡಕ್ಕೆ ಬಂದು, ಎಂಜಿನ್ ಆರಿಸಲು ಕೈ ಚಾಚಿದೆ. ಅಪ್ಪ ಬೇಡವೆಂದು ತಲೆಯಾಡಿಸಿದ. ಒದ್ದೆ ಸೀರೆಯಲ್ಲೇ ಅಮ್ಮ ಹೋಗಿ ಅವನ ಪಕ್ಕ ಬೆಂಚಿನ ಮೇಲೆ ಕೂತಳು. ಇಬ್ಬರೂ ಕಣ್ಣು ಮುಚ್ಚಿ, ಅದು ಓಡುವ ಸದ್ದನ್ನು ಕೇಳುತ್ತ ಕೂತೇ ಇದ್ದರು.