ಒಂದನೇ ತಾರೀಖಿನ ಸೊನ್ನೆ

ನನ್ನ ಅಕ್ಕನ ಗಂಡ ಮೂವತ್ತೊಂದು ವರ್ಷದಿಂದ ಬಸ್ಸು ಓಡಿಸುತ್ತಿರುವವರು. ನಾನು ಅದೇ ಡಿಪೋದ ಆಫೀಸಿನಲ್ಲಿ ಗುಮಾಸ್ತೆ. ಅವರು ಬೆಳಗಿನ ಐದೂಕಾಲಿಗೆ ಮೊದಲೇ ಗೇಟಿನ ಯಂತ್ರಕ್ಕೆ ಕಾರ್ಡು ಒತ್ತಿ ಒಳಗೆ ಹೋಗುತ್ತಾರೆ, ನಾನು ಒಂಬತ್ತೂವರೆಗೆ ಹೋಗುತ್ತೇನೆ. ಭಾವನಿಗೆ ನಾನು ಮಾಡಿದ್ದನ್ನು ನೆನೆದರೆ ಈಗಲೂ ಬಾಯಿಗಿಟ್ಟ ತುತ್ತು ಒಳಗೆ ಇಳಿಯುವುದಿಲ್ಲ.

ನಲವತ್ತೆರಡನೆಯ ವಯಸ್ಸಿನಲ್ಲಿ ನನಗೆ ಪ್ರೋಗ್ರಾಂ ಬರೆಯುವ ಹುಚ್ಚು ಹಿಡಿಯಿತು. ಮೂರು ತಿಂಗಳು ಸಂಜೆಯ ತರಗತಿಗೆ ಹೋದೆ. ಅಲ್ಲಿ ನನ್ನ ಪಕ್ಕದಲ್ಲಿ ಕೂರುತ್ತಿದ್ದವರೆಲ್ಲ ನನ್ನ ಮಗಳ ವಯಸ್ಸಿನವರು. ಅವರಿಗಿಂತ ಮೊದಲು ನಾನು ಲೆಕ್ಕ ಬಿಡಿಸಿದ ದಿನ ಮನೆಗೆ ಬಂದು ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ, ಅಷ್ಟು ಜಂಬ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಅಷ್ಟು ಹೊತ್ತೂ ಕಾಯಲಿಲ್ಲ.

ಡಿಪೋದಲ್ಲಿ ಇನ್ನೂರ ಹದಿನಾಲ್ಕು ಜನ. ಯಾರು ಎಷ್ಟು ದಿನ ತಡವಾಗಿ ಬಂದರು ಎಂದು ಪ್ರತಿ ತಿಂಗಳೂ ಪಟ್ಟಿ ಮಾಡುವುದು ನನ್ನ ಪಾಲಿನ ಕೆಲಸ. ಗೇಟಿನ ದಾಖಲೆಯ ಮೇಲೆ ಸ್ಕೇಲು ಇಟ್ಟುಕೊಂಡು ಒಂದೊಂದೇ ಸಾಲು ನೋಡುತ್ತ ಮೂರು ದಿನ ಕಣ್ಣು ಸವೆಸುತ್ತಿದ್ದೆ. ಅದನ್ನು ಕಂಪ್ಯೂಟರಿಗೆ ಕಲಿಸಿದೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಒಂದು ಲೂಪು, ಅದರೊಳಗೆ ಇನ್ನೊಂದು ಲೂಪು. ಹೊರಗಿನದು ನೌಕರರನ್ನು ನಂಬರಿನ ಪ್ರಕಾರ ಒಬ್ಬೊಬ್ಬರಾಗಿ ಕರೆಯುತ್ತದೆ, ಒಳಗಿನದು ಆ ಒಬ್ಬರ ಮೂವತ್ತು ದಿನಗಳನ್ನು ಒಂದೊಂದಾಗಿ ನೋಡುತ್ತದೆ. ಪ್ರತಿ ದಿನಕ್ಕೂ ಮೂರು ಪ್ರಶ್ನೆ. ರಜಾ ಅರ್ಜಿ ಕೊಟ್ಟಿದ್ದಾರೆಯೇ? ಕೊಟ್ಟಿದ್ದರೆ ಆ ದಿನ ಬಿಟ್ಟು ಮುಂದಿನ ದಿನಕ್ಕೆ ಹೋಗು. ಒಂದನೇ ತಾರೀಖೇ? ಹಾಗಿದ್ದರೆ ಹೊಸ ಹೆಸರಿನ ಲೆಕ್ಕ ಶುರು, ಎಣಿಕೆಯನ್ನು ಸೊನ್ನೆ ಮಾಡು. ತಡವಾಗಿ ಬಂದರೇ? ಬಂದಿದ್ದರೆ ಎಣಿಕೆಗೆ ಒಂದು ಸೇರಿಸು.

ಇಷ್ಟೇ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಪಟ್ಟಿ ಬಂತು. ಮ್ಯಾನೇಜರು ನನ್ನ ಕುರ್ಚಿಯ ಹಿಂದೆ ನಿಂತು, "ಇದನ್ನ ಉಳಿದ ಡಿಪೋಗಳಿಗೂ ಕಳಿಸೋಣ, ನಿಮ್ಮ ಹೆಸರು ಹಾಕಿಯೇ ಕಳಿಸೋಣ" ಅಂದರು. ಮೂರನೇ ತಾರೀಖು ಪಟ್ಟಿಯನ್ನು ನಾನೇ ಬೋರ್ಡಿಗೆ ಅಂಟಿಸಿದೆ. ಭಾವನ ಹೆಸರಿನ ಮುಂದೆ ಹನ್ನೊಂದು ಎಂದಿತ್ತು. ನೋಡಿ ಆಶ್ಚರ್ಯವಾಯಿತು. ಪಾಪ ವಯಸ್ಸಾಯಿತು, ಮುಂಚಿನ ಹಾಗೆ ಆಗುವುದಿಲ್ಲ ಅಂದುಕೊಂಡೆ. ನನ್ನ ಲೆಕ್ಕ ತಪ್ಪಿರಬಹುದು ಎಂದು ಅನ್ನಿಸಲೇ ಇಲ್ಲ.

ಮಧ್ಯಾಹ್ನ ಪಾಳಿ ಮುಗಿಸಿ ಭಾವ ನನ್ನ ಮೇಜಿನ ಹತ್ತಿರ ಬಂದು ನಿಂತರು.

"ಬೋರ್ಡಲ್ಲಿ ನನ್ನ ಹೆಸರಿನ ಮುಂದೆ ಹನ್ನೊಂದು ಅಂತಿದೆ ಕಣಮ್ಮ."

"ಹೌದು ಭಾವ, ನಾನೂ ನೋಡ್ದೆ."

"ನಾನು ಒಂದು ದಿನಾನೂ ತಡ ಮಾಡಿಲ್ವಲ್ಲ. ಆ ಗೇಟಿನ ದಾಖಲೆ ಒಂದ್ಸಲ ತೆಗೆದು ನೋಡ್ತೀಯಾ?"

ತೆಗೆದು ನೋಡಲು ಐದು ನಿಮಿಷ ಸಾಕಿತ್ತು. ಆದರೆ ಟಿಕೆಟ್ ವಿಭಾಗದವರೆಲ್ಲ ತಲೆ ಎತ್ತಿ ನೋಡುತ್ತಿದ್ದರು. ಸ್ವಂತದವರು ಬಂದು ಕೇಳಿದ ಕೂಡಲೇ ದಾಖಲೆ ತೆಗೆದರೆ ನಾಲ್ಕು ಜನ ಏನಂದಾರು ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನ್ನ ಪ್ರೋಗ್ರಾಮಿನ ಮೇಲೆ ಒಬ್ಬ ಡ್ರೈವರು ಅನುಮಾನಪಟ್ಟದ್ದು ನನಗೆ ಸಹಿಸಲಾಗಲಿಲ್ಲ, ಅಷ್ಟೇ.

"ಅದನ್ನ ನೋಡಿಯೇ ಲೆಕ್ಕ ಹಾಕಿರೋದು ಭಾವ. ಮನುಷ್ಯರು ಮರೀತಾರೆ, ಅದು ಮರೆಯಲ್ಲ."

"ಸ್ವಂತ ಭಾವನನ್ನೂ ಬಿಡಲ್ವಲ್ಲಪ್ಪ ನಮ್ಮ ಮೇಡಂ!" ಅಂದ ಟಿಕೆಟ್ ವಿಭಾಗದವನೊಬ್ಬ. ಎಲ್ಲರೂ ನಕ್ಕರು. ನಾನೂ ನಕ್ಕೆ, ಹೊಗಳಿಕೆ ಎಂದು ತಿಳಿದು.

ಭಾವ "ಹಾಗಿದ್ರೆ ಸರಿ" ಎಂದು ಹೇಳಿ ಹೋದರು. ಅವರು ಜಗಳಕ್ಕೆ ಬಂದಿದ್ದರೆ ಚೆನ್ನಾಗಿತ್ತು. ನಾನು ಹೇಳಿದ್ದನ್ನು ಅವರು ನಂಬಿಬಿಟ್ಟರು.

ವಾರದೊಳಗೆ ಅಕ್ಕನ ಫೋನು. "ಇವರಿಗೆ ಏನಾಗಿದೆ ಅಂತಾನೇ ಗೊತ್ತಾಗ್ತಿಲ್ಲ ಕಣೇ. ಬೀಗ ಹಾಕಿ ಬೀದಿ ತುದಿವರೆಗೆ ಹೋಗಿ ವಾಪಸ್ ಬರ್ತಾರೆ, ಹಾಕಿದ್ನಾ ಅಂತ ನೋಡೋಕೆ. ನಿನ್ನೆ ಅನ್ನಕ್ಕೆ ಸಾರು ಹಾಕ್ಕೊಂಡು, ಉಪ್ಪು ಹಾಕ್ಕೊಂಡ್ನಾ ಅಂತ ನನ್ನ ಕೇಳ್ತಾರೆ. ಮನೆ ಬಿಟ್ಟ ಹೊತ್ತನ್ನ ಪೆನ್ನಲ್ಲಿ ಅಂಗೈ ಮೇಲೆ ಬರ್ಕೋತಾರೆ. ಅವರಪ್ಪನಿಗೂ ಇದೇ ವಯಸ್ಸಲ್ಲಿ ಮರೆವು ಶುರುವಾಗಿದ್ದು, ನೆನಪಿದೆಯಾ? ಕೊನೆಗೆ ಮಗನನ್ನೇ ಯಾರು ನೀನು ಅಂತ ಕೇಳ್ತಿದ್ರು."

ನೆನಪಿತ್ತು. "ಸುಸ್ತಾಗಿರಬೇಕು ಬಿಡಕ್ಕ, ಸರಿಹೋಗ್ತಾರೆ" ಅಂದೆ.

ಹತ್ತನೇ ತಾರೀಖು ನಮ್ಮ ಮೆಕ್ಯಾನಿಕ್ಕು ಊರುಗೋಲು ಊರಿಕೊಂಡು ಆಫೀಸಿಗೆ ಬಂದ. ಕಾಲು ಮುರಿದುಕೊಂಡು ಹಿಂದಿನ ತಿಂಗಳು ಪೂರ್ತಿ ರಜೆಯಲ್ಲಿದ್ದವನು, ವೈದ್ಯರ ಚೀಟಿ ಕೊಡಲು ಬಂದಿದ್ದ. ಬಾಯಿ ತುಂಬ ನಗು.

"ಮೇಡಂ, ನಾನು ಏಳು ದಿನ ತಡವಾಗಿ ಬಂದಿದ್ದೀನಂತಲ್ಲ? ಹಾಸಿಗೆಯಿಂದ ಬಚ್ಚಲಿಗೆ ಹೋಗೋಕೆ ತಡ ಆಗಿದ್ದನ್ನೂ ಲೆಕ್ಕಕ್ಕೆ ತಗೊಂಡ್ರಾ?"

"ಟೈಪಿಂಗಲ್ಲಿ ತಪ್ಪಾಗಿದೆ, ಸರಿ ಮಾಡ್ತೀನಿ" ಎಂದು ಅವನನ್ನು ಸಾಗಹಾಕಿ ಪ್ರೋಗ್ರಾಂ ತೆರೆದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗಲಿಲ್ಲ. ರಜೆಯ ಪ್ರಶ್ನೆ ಮೊದಲಿತ್ತು, ಒಂದನೇ ತಾರೀಖಿನ ಪ್ರಶ್ನೆ ಆಮೇಲಿತ್ತು. ಯಾರಾದರೂ ಒಂದನೇ ತಾರೀಖೇ ರಜೆ ಹಾಕಿದ್ದರೆ ಆ ದಿನವನ್ನೇ ಹಾರಿಬಿಡುವುದರಿಂದ ಎಣಿಕೆ ಸೊನ್ನೆಯಾಗುವುದೇ ಇಲ್ಲ. ಪಟ್ಟಿಯಲ್ಲಿ ಅವರಿಗಿಂತ ಮುಂಚೆ ಇದ್ದವರ ತಡವೆಲ್ಲ ಇವರ ತಲೆಗೆ ಬರುತ್ತದೆ. ಅದು ಮರೆಯಲ್ಲ ಅಂದಿದ್ದೆನಲ್ಲ, ಅದರ ರೋಗವೇ ಅದಾಗಿತ್ತು.

ಹಿಂದಿನ ತಿಂಗಳ ಒಂದನೇ ತಾರೀಖು ರಜೆ ಹಾಕಿದ್ದವರು ಆರು ಜನ. ನಾಲ್ವರಿಗೆ ಏನೂ ಆಗಿರಲಿಲ್ಲ, ಅವರಿಗಿಂತ ಮುಂಚೆ ಇದ್ದವರದು ಸೊನ್ನೆಯೇ ಇತ್ತು. ಐದನೆಯವನು ಮೆಕ್ಯಾನಿಕ್ಕು. ಆರನೆಯವರು ಭಾವ. ಪಟ್ಟಿಯಲ್ಲಿ ಅವರಿಗಿಂತ ಮುಂಚೆ ಇದ್ದವನು ಡಿಪೋದಲ್ಲೆಲ್ಲ ನಿದ್ದೆರಾಯ ಎಂದೇ ಹೆಸರಾದ ಡ್ರೈವರು, ಹನ್ನೊಂದು ದಿನ ತಡ. ಭಾವ ಅವತ್ತು ರಜೆ ಹಾಕಿದ್ದು ಯಾಕೆಂದೂ ನನಗೆ ಗೊತ್ತಿತ್ತು. ನಮ್ಮ ಮನೆಯ ನೀರಿನ ಟ್ಯಾಂಕು ಸೋರುತ್ತಿತ್ತು, ಬಂದು ನೋಡಿ ಎಂದು ಕರೆದವಳು ನಾನು. ಇಡೀ ದಿನ ಬಿಸಿಲಿನಲ್ಲಿ ಮಾಳಿಗೆಯ ಮೇಲೆ ಕೂತು ಸರಿ ಮಾಡಿಕೊಟ್ಟಿದ್ದರು.

ಸೊನ್ನೆ ಮಾಡುವ ಸಾಲನ್ನು ಒಳಗಿನ ಲೂಪಿನಿಂದ ಎತ್ತಿ ಹೊರಗಿನದರೊಳಗೆ ಮೊದಲಿಗೇ ಇಟ್ಟೆ, ರಜೆ ಇರಲಿ ಬಿಡಲಿ ಪ್ರತಿ ಹೆಸರಿಗೂ ಹೊಸ ಎಣಿಕೆ ಶುರುವಾಗುವ ಹಾಗೆ. ಎರಡು ನಿಮಿಷದ ಕೆಲಸ. ಮತ್ತೆ ಓಡಿಸಿದೆ. ಭಾವನ ಹೆಸರಿನ ಮುಂದೆ ಸೊನ್ನೆ ಬಂತು. ಎದ್ದು ಮ್ಯಾನೇಜರ ಕೋಣೆಯ ಬಾಗಿಲವರೆಗೆ ಹೋದೆ. ಅವರು ಫೋನಿನಲ್ಲಿ ಬೇರೆ ಡಿಪೋದವರಿಗೆ ನನ್ನ ಪ್ರೋಗ್ರಾಮಿನ ಬಗ್ಗೆಯೇ ಹೇಳುತ್ತಿದ್ದರು. ವಾಪಸ್ ಬಂದು ಕೂತೆ. ಬರುವ ತಿಂಗಳ ಪಟ್ಟಿ ಸರಿಯಾಗಿ ಬರುತ್ತದೆ, ಭಾವನಿಗೂ ಸಮಾಧಾನವಾಗುತ್ತದೆ, ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ ಎಂದು ಲೆಕ್ಕ ಹಾಕಿದೆ. ಬೋರ್ಡಿನ ಮೇಲೆ ಮೆಕ್ಯಾನಿಕ್ಕನ ಏಳನ್ನು ಮಾತ್ರ ಪೆನ್ನಿನಲ್ಲಿ ಹೊಡೆದುಹಾಕಿದೆ. ಹನ್ನೊಂದನ್ನು ಮುಟ್ಟಲಿಲ್ಲ. ಆಮೇಲೆ ಮ್ಯಾನೇಜರು ಟೀ ತರಿಸಲು ಕರೆದರೂ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಹದಿನಾಲ್ಕನೇ ತಾರೀಖು ಅಕ್ಕ ಮತ್ತೆ ಫೋನು ಮಾಡಿದಳು. ಭಾವ ತಾವಾಗಿಯೇ ಡಾಕ್ಟರ ಹತ್ತಿರ ಹೊರಟಿದ್ದರು. ಅಕ್ಕನಿಗೆ ಆಸ್ಪತ್ರೆ ಎಂದರೆ ಕೈಕಾಲು ನಡುಕ, ನೀನೇ ಜೊತೆಗೆ ಹೋಗಿ ಬಾ ಅಂದಳು. ಹೋದೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಮೂರು ಪದ ಹೇಳ್ತೀನಿ, ನೆನಪಲ್ಲಿ ಇಟ್ಕೊಳ್ಳಿ. ಕುರ್ಚಿ, ನಿಂಬೆಹಣ್ಣು, ಸೇತುವೆ" ಅಂದಳು. ಆಮೇಲೆ ನೂರರಿಂದ ಏಳೇಳು ಕಳೆಯುತ್ತ ಬರಲು ಹೇಳಿದಳು, ಗಡಿಯಾರದ ಚಿತ್ರ ಬರೆಸಿದಳು. ಭಾವ ಎಲ್ಲವನ್ನೂ ಸರಿಯಾಗಿ ಮಾಡಿದರು. "ಈಗ ಆ ಮೂರು ಪದ ಹೇಳಿ."

"ಕುರ್ಚಿ. ನಿಂಬೆಹಣ್ಣು." ನಿಂತರು. ಹಣೆಯ ಮೇಲೆ ಬೆವರು ಮೂಡಿತು. ಪಾಠ ಒಪ್ಪಿಸಲಾಗದ ಹುಡುಗನ ಹಾಗೆ ನನ್ನ ಕಡೆ ತಿರುಗಿದರು. ನಾನು ಗೋಡೆಯ ಪಕ್ಕದ ಬೆಂಚಿನಲ್ಲಿ ಕೈಚೀಲ ತಬ್ಬಿಕೊಂಡು ಕೂತಿದ್ದೆ.

"ಗಾಬರಿಗೆ ಹೀಗಾಗುತ್ತೆ, ಇದೇನು ದೊಡ್ಡದಲ್ಲ. ಮೂರು ತಿಂಗಳು ಬಿಟ್ಟು ಬನ್ನಿ" ಅಂದಳು ಡಾಕ್ಟರು. ಭಾವನ ಕಿವಿಗೆ ಅದೊಂದೂ ಬೀಳಲಿಲ್ಲ. ಹೊರಗೆ ಬಂದು ಟೀ ಕೊಡಿಸಿದರು. "ನೀನು ಬಂದಿದ್ದು ಧೈರ್ಯ ಆಯ್ತು ಕಣಮ್ಮ" ಅಂದರು. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ನೆಲ ಬಿರಿಯಲಿಲ್ಲ, ನಾನು ಟೀ ಕುಡಿದೆ.

ಹತ್ತೊಂಬತ್ತನೇ ತಾರೀಖು ಭಾನುವಾರ. ಬೆಳಿಗ್ಗೆ ಹತ್ತರ ಹೊತ್ತಿಗೆ ಭಾವ ಒಂದು ಬಿಳಿ ಹಾಳೆ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಅಡುಗೆಮನೆಯ ಮೇಜಿನ ಮೇಲೆ ಹಾಳೆಯನ್ನು ಇಟ್ಟು ಅಂಗೈಯಿಂದ ಸವರಿದರು.

"ನನ್ನ ಅಕ್ಷರ ಕೋಳಿ ಕೆದರಿದ ಹಾಗೆ. ಒಂದು ಅರ್ಜಿ ಬರ್ದುಕೊಡು."

"ಏನಂತ ಭಾವ?"

"ಗಾಡಿ ಓಡಿಸೋದು ಬಿಡ್ತೀನಿ, ಬಸ್ಸು ತೊಳೆಯೋ ಶೆಡ್ಡಲ್ಲಿ ಏನಾದ್ರೂ ಕೆಲಸ ಕೊಡಿ ಅಂತ. ಹನ್ನೊಂದು ದಿನ ತಡ ಮಾಡಿದ್ದೇ ನನಗೆ ಗೊತ್ತಾಗಿಲ್ಲ ಅಂದ್ರೆ, ನಾಳೆ ಬ್ರೇಕು ಯಾವುದು ಅಂತ ಮರೆತ್ರೆ? ಹಿಂದೆ ಅರವತ್ತು ಜನ ಕೂತಿರ್ತಾರೆ ಕಣಮ್ಮ."

ನಾನು ಪೆನ್ನು ತೆಗೆದು "ಮಾನ್ಯರೇ" ಎಂದು ಬರೆದೆ. ಅದನ್ನು ಬರೆಯುವವರೆಗೂ ನಾನು ನಿಜ ಹೇಳುವವಳಿರಲಿಲ್ಲ, ಇದನ್ನು ಮುಚ್ಚಿಡಬಾರದು. ಮುಂದಿನ ಪದ ಬರೆಯಲು ಕೈ ಒಪ್ಪಲಿಲ್ಲ.

"ಭಾವ, ನೀವು ತಡ ಮಾಡಿಲ್ಲ. ಒಂದು ದಿನಾನೂ ಮಾಡಿಲ್ಲ. ನನ್ನ ಪ್ರೋಗ್ರಾಮೇ ತಪ್ಪು."

ಅವರು ನನ್ನನ್ನೇ ನೋಡಿದರು. ಆಮೇಲೆ ನಿಧಾನವಾಗಿ ನಕ್ಕರು. "ನಿಮ್ಮಕ್ಕ ಹೇಳಿಕೊಟ್ಳಾ ಹೀಗೆ ಹೇಳು ಅಂತ? ಬಿಡಮ್ಮ. ನನ್ನ ಸಮಾಧಾನಕ್ಕೋಸ್ಕರ ತಪ್ಪನ್ನ ನಿನ್ನ ತಲೆ ಮೇಲೆ ಹೊತ್ಕೋಬೇಡ. ನಿನಗೆ ಒಳ್ಳೆ ಹೆಸರು ಬಂದಿದೆ."

ಇಡೀ ಡಿಪೋದ ಮುಂದೆ ಬೈಸಿಕೊಂಡಿದ್ದರೂ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಎದ್ದು ಒಂದು ಬಟ್ಟಲು, ಬೆಂಕಿಪೊಟ್ಟಣ, ಗೋಡೆಯ ಕ್ಯಾಲೆಂಡರು ತಂದು, ಹಿಂದಿನ ತಿಂಗಳ ಹಾಳೆ ತೆರೆದು ಅವರ ಮುಂದೆ ಇಟ್ಟೆ. ಬಟ್ಟಲಿಗೆ ಹನ್ನೊಂದು ಕಡ್ಡಿ ಹಾಕಿದೆ.

"ಇದು ನಿದ್ದೆರಾಯನ ಲೆಕ್ಕ. ಒಂದು ತಡಕ್ಕೆ ಒಂದು ಕಡ್ಡಿ. ಅವನದು ಮುಗೀತು, ಈಗ ನಿಮ್ಮ ಹೆಸರು. ನೀವು ಒಂದೊಂದೇ ತಾರೀಖು ಹೇಳಿ, ನಾನು ಕಂಪ್ಯೂಟರು. ನನಗೆ ಮೂರೇ ಮಾತು ಗೊತ್ತು. ರಜೆ ಇದ್ರೆ ಆ ತಾರೀಖನ್ನೇ ಬಿಟ್ಟುಬಿಡ್ತೀನಿ. ಒಂದನೇ ತಾರೀಖಾದ್ರೆ ಬಟ್ಟಲು ಖಾಲಿ ಮಾಡ್ತೀನಿ. ತಡ ಆದ್ರೆ ಕಡ್ಡಿ ಹಾಕ್ತೀನಿ. ಹೇಳಿ."

"ಒಂದು," ಅಂದರು ಭಾವ, ಮಗುವಿನ ಆಟಕ್ಕೆ ಒಪ್ಪಿದವರ ಹಾಗೆ.

"ಅವತ್ತು ನೀವು ರಜೆ. ನಮ್ಮ ಟ್ಯಾಂಕು. ಬಿಟ್ಟೆ, ಮುಂದಿಂದು ಹೇಳಿ."

"ಎರಡು."

"ರಜೆ ಇಲ್ಲ. ಒಂದನೇ ತಾರೀಖಲ್ಲ. ತಡ ಇಲ್ಲ. ಮುಂದೆ."

ಮೂರು, ನಾಲ್ಕು, ಐದು. ಆರಕ್ಕೆ ಬರುವಷ್ಟರಲ್ಲಿ ಅವರ ಬೆರಳು ಕ್ಯಾಲೆಂಡರಿನ ಮೇಲೆ ನಿಂತಿತು. ಬಟ್ಟಲಿನೊಳಗೆ ಬಗ್ಗಿ ನೋಡಿದರು. ಮತ್ತೆ ಒಂದನೇ ತಾರೀಖಿಗೆ ಹೋದರು.

"ಬಟ್ಟಲು ಖಾಲಿ ಮಾಡಲೇ ಇಲ್ವಲ್ಲ ನೀನು?"

"ಒಂದನೇ ತಾರೀಖು ಮಾತ್ರ ಮಾಡು ಅಂದಿದ್ದೆ. ಆ ತಾರೀಖನ್ನೇ ಬಿಟ್ಟಿತು."

"ಅಂದ್ರೆ ಈ ಕಡ್ಡಿ ಎಲ್ಲಾ..."

"ಅವನವು."

ಭಾವ ಕುರ್ಚಿಗೆ ಒರಗಿ ಜೋರಾಗಿ ನಕ್ಕರು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಹಾಗಾಯ್ತಲ್ಲಮ್ಮ! ಅವನು ಗೊರಕೆ ಹೊಡೆದ, ನಾನು ಆಸ್ಪತ್ರೆಗೆ ಹೋದೆ!" ನಗುತ್ತಲೇ ಕಣ್ಣು ಒರೆಸಿಕೊಂಡರು. ಮಾನ್ಯರೇ ಎಂದು ಬರೆದಿದ್ದ ಹಾಳೆಯನ್ನು ಮುದುರಿ ಜೇಬಿಗೆ ಹಾಕಿಕೊಂಡರು. ಎರಡು ವಾರದಿಂದ ಬಗ್ಗಿದ್ದ ಬೆನ್ನು ನೆಟ್ಟಗಾಯಿತು. "ನನ್ನ ತಲೆ ಚೆನ್ನಾಗಿದೆ," ಎಂದು ತಮಗೆ ತಾವೇ ಹೇಳಿಕೊಂಡರು.

"ನಾಳೆ ಮ್ಯಾನೇಜರಿಗೆ ಹೇಳ್ತೀನಿ ಭಾವ. ಬೋರ್ಡಲ್ಲೂ ಹಾಕ್ತೀನಿ, ತಪ್ಪು ನನ್ನದು ಅಂತ."

"ಹೇಳು, ಹೇಳು. ಅದಕ್ಕೇನು, ತಪ್ಪು ಯಾರು ಮಾಡಲ್ಲ?" ಕಡ್ಡಿಗಳನ್ನು ಒಂದೊಂದಾಗಿ ಪೊಟ್ಟಣಕ್ಕೆ ತುಂಬತೊಡಗಿದರು. "ಅಂದ ಹಾಗೆ ನಿನಗಿದು ಗೊತ್ತಾಗಿದ್ದು ಯಾವಾಗ, ನಿನ್ನೆನಾ?"

ಹೌದು ಅಂದಿದ್ದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು.

"ಹತ್ತನೇ ತಾರೀಖು ಭಾವ."

ಅವರು ಕ್ಯಾಲೆಂಡರಿನ ಹಾಳೆ ಮಗುಚಿ ಈ ತಿಂಗಳಿಗೆ ಬಂದರು. ಬೆರಳು ಹತ್ತರ ಮೇಲಿಂದ ಹದಿನಾಲ್ಕರವರೆಗೆ ಹೋಗಿ ಅಲ್ಲೇ ನಿಂತಿತು. ಮುಖದಲ್ಲಿದ್ದ ನಗು ಹೋಗಿರಲಿಲ್ಲ, ಅದನ್ನು ಏನು ಮಾಡಬೇಕೆಂದು ಅವರಿಗೆ ಗೊತ್ತಾಗುತ್ತಿರಲಿಲ್ಲ.

"ಆ ಮೂರನೇ ಪದ ಹೊಳೀಲಿಲ್ಲ ಅಂತ ನಾನು ನಿನ್ನ ಕಡೆ ನೋಡ್ದೆ. ಆಗ ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು ಭಾವ."

ಉಳಿದ ಕಡ್ಡಿಗಳನ್ನು ಮೇಜಿನ ಮೇಲೆಯೇ ಬಿಟ್ಟು ಅವರು ಎದ್ದರು. ನಾನು ಬಾಗಿಲವರೆಗೆ ಹಿಂದೆಯೇ ಹೋದೆ. ಚಪ್ಪಲಿ ಮೆಟ್ಟಿಕೊಂಡು ತಿರುಗಿ ನೋಡದೆ ಮೆಟ್ಟಿಲು ಇಳಿದರು.