ಸಾವಿನ ಗಡಿಯಾರ

ಯೋಸ್ಟ್ ಹೆರ್ಬೈನ್ ಒಳ್ಳೆಯ ಡಾಕ್ಟರ್ ಎಂಬುದರಲ್ಲಿ ಪೆನ್ಸಿಲ್ವೇನಿಯದ ಓಲಿ ಕಣಿವೆಯ ಯಾರಿಗೂ ಅನುಮಾನವಿರಲಿಲ್ಲ. ಅನುಮಾನವಿದ್ದದ್ದು ಅವನ ತಲೆ ನೆಟ್ಟಗಿದೆಯೇ ಎಂಬುದರಲ್ಲಿ. ಹೆರಿಗೆ ಮಾಡಿಸಿ ಮರಳುವ ಮನುಷ್ಯ ದಾರಿಯಲ್ಲಿ ಕುದುರೆ ನಿಲ್ಲಿಸಿ, ಕೊಳೆತ ಮರದ ತೊಗಟೆ ಕಿತ್ತು, ಸಿಕ್ಕ ದುಂಬಿಯನ್ನು ಟೋಪಿಯೊಳಗೆ ಹಾಕಿಕೊಂಡು ಬಂದರೆ ಜನ ಇನ್ನೇನು ಅಂದಾರು? ಹೆಂಡತಿ ತೀರಿಹೋದ ಮೇಲಂತೂ ಅವನ ಮನೆಯಲ್ಲಿ ಪಾತ್ರೆಗಳಿಗಿಂತ ಹುಳದ ಪೆಟ್ಟಿಗೆಗಳೇ ಹೆಚ್ಚಾಗಿದ್ದವು.

ಸೇಬು ಹೂಬಿಡುವ ಕಾಲ. ವಿಧವೆ ಸಲೋಮೆ ಬೋಯರಳ ಎದೆಯ ಜ್ವರವನ್ನು ಅವನು ಹೇಗೋ ಇಳಿಸಿದ್ದ. ಇನ್ನು ನಾಲ್ಕು ದಿನ ಕೋಳಿ ಸಾರು ಕುಡಿದರೆ ಎದ್ದು ಓಡಾಡಬೇಕಾದ ಹೆಂಗಸು, ಬಾಯಿಯನ್ನೇ ತೆರೆಯಲೊಲ್ಲಳು. ಹೀಗೇ ಬಿಟ್ಟರೆ ಉಳಿಯುವುದಿಲ್ಲ ಎಂದು ಯೋಸ್ಟ್ ಬೆಳಿಗ್ಗೆಯೇ ಓಡಿಬಂದ. ಅಡುಗೆಮನೆಯಲ್ಲಿ ಒಣದ್ರಾಕ್ಷಿ ಪೈ ಬೇಯುವ ವಾಸನೆ. ಆ ಕಡೆ ಅದನ್ನು ಮಾಡುವುದು ಸಾವಿನ ಮನೆಯ ಊಟಕ್ಕೆ.

"ಯಾರು ಹೋದ್ರು?" ಎಂದ ಗಾಬರಿಯಿಂದ.

"ಇನ್ನೂ ಯಾರೂ ಇಲ್ಲ, ಡಾಕ್ಟ್ರೇ," ಎಂದಳು ಸೊಸೆ ಕತ್ರೀನ. "ಮಂಚದ ತಲೆಗಡೆ ಸಾವಿನ ಗಡಿಯಾರ ಬಡ್ಕೊಳ್ತಿದೆ. ಮರದೊಳಗೆ ಹಾಗೆ ಟಕ್ ಟಕ್ ಅಂದ್ರೆ ಮಲಗಿದೋರು ಉಳಿಯಲ್ವಲ್ಲ. ಅತ್ತೇನೇ ಕೇಳಿಸ್ಕೊಂಡ್ರು. ನೆಂಟ್ರು ದೂರದಿಂದ ಬರೋರು, ಆಮೇಲೆ ಗಡಿಬಿಡಿ ಬೇಡ ಅಂತ..."

"ಬದುಕಿರೋರ ಮೂಗಿಗೇ ಅವರ ಸಾವಿನ ಊಟದ ವಾಸನೆ ಹಿಡಿಸ್ತೀಯಲ್ಲ, ಬುದ್ಧಿ ಇದೆಯೇನಮ್ಮಾ ನಿಂಗೆ!"

ಮಹಡಿಯ ಕೋಣೆಯಲ್ಲಿ ಸಲೋಮೆ ಕಣ್ಣು ಮುಚ್ಚಿ ಮಲಗಿದ್ದಳು. ಟಕ್ ಟಕ್ ಟಕ್. ಯೋಸ್ಟನ ಮುಖ ಅರಳಿತು. ರೋಗಿಯ ಮುಂದೆ ಹಾಗೆ ಅರಳಬಾರದು, ಆದರೆ ಅವನ ಜಾತಕವೇ ಅಂಥದ್ದು. ಉಗುರಿನಿಂದ ಮಂಚದ ಹಲಗೆಯನ್ನು ತಟ್ಟಿದ. ಒಳಗಿನಿಂದ ತಿರುಗಿ ಟಕ್ ಟಕ್ ಎಂದಿತು.

"ಕೇಳಿದ್ಯಾ ಸಲೋಮಕ್ಕ? ಸಾವು ಯಾವತ್ತಾದ್ರೂ ಹೀಗೆ ಓಗೊಡುತ್ತಾ?"

ಚಾಕುವಿನ ತುದಿಯಿಂದ ಬಿರುಕನ್ನು ಕೆದಕಿ, ಗೋಧಿಕಾಳಿನಷ್ಟು ಕಂದು ದುಂಬಿಯನ್ನು ತೆಗೆದು ಅವಳ ಅಂಗೈ ಮೇಲಿಟ್ಟ. "ಮರ ಕೊರೆಯೋ ಹುಳ. ತಲೆ ಚಚ್ಚಿಕೊಂಡು ಹೆಣ್ಣನ್ನ ಕರೀತಿದಾನೆ, ಪಾಪ. ಮದುವೆ ಗಂಡು!"

"ಅಯ್ಯೋ ಮುಂಡೇದೇ, ಇವನಿಗೆ ಹೆದರಿ ಬಾಯಿ ಕಟ್ಕೊಂಡ್ನಾ ನಾನು?" ಸಲೋಮೆ ನಕ್ಕಳು. ನಗು ಅರ್ಧಕ್ಕೇ ನಿಂತಿತು.

"ಹಾಗಾದ್ರೆ ನನ್ನ ಲಿಡಿ?"

ಯೋಸ್ಟನಿಗೆ ಅರ್ಥವಾಗಲಿಲ್ಲ. ಅವಳೇ ಹೇಳಿದಳು. ಕಣಿವೆಯ ಮಕ್ಕಳಿಗೆಲ್ಲ ಗಂಟಲುಬೇನೆ ಬಂದ ವರ್ಷ ಮಗಳು ಲಿಡಿ ಇದೇ ಮಂಚದಲ್ಲಿ ಮಲಗಿದ್ದಳು. ಡಾಕ್ಟರನ್ನು ಕರೆತರಲು ಗಂಡ ಕುದುರೆಗೆ ಜೀನು ಹಾಕಿಯಾಗಿತ್ತು. ಅಷ್ಟರಲ್ಲಿ ಗಡಿಯಾರ ಬಡಿಯಿತು. "ನಾನೇ ಬೇಡ ಅಂದೆ. ಹೊತ್ತು ಗೊತ್ತಾದ ಮೇಲೆ ಕೂಸಿಗೆ ಔಷಧಿ ಹಿಂಸೆ ಯಾಕೆ ಅಂತ, ನಾನೇ ಜೀನು ಬಿಚ್ಚಿಸಿದೆ. ಅವತ್ತು ಬಡಿದದ್ದೂ ಇಂಥವನೇ ಏನು?"

ಯೋಸ್ಟ್ ಅವಳ ಅಂಗೈಯಿಂದ ದುಂಬಿಯನ್ನು ಎತ್ತಿಕೊಂಡ. ಸತ್ಯ ಹೇಳಿದರೆ ಈಕೆ ಮತ್ತೆ ಬಾಯಿ ಮುಚ್ಚುತ್ತಾಳೆ, ಈ ಸಲ ಯಾವ ಹುಳ ತೋರಿಸಿಯೂ ತೆರೆಸಲಾಗದು.

"ನಾನು ಬಂದಿದ್ರೂ ಅಷ್ಟೇ ಅಕ್ಕಾ," ಎಂದ. "ಆ ಬೇನೆಗೆ ನನ್ನ ಹತ್ರ ಮದ್ದೇ ಇರ್ಲಿಲ್ಲ. ಆ ವರ್ಷ ನಾನು ಮುಟ್ಟಿದ ಒಂದು ಮಗುವೂ ಉಳೀಲಿಲ್ಲ."

ಸಲೋಮೆ ಅವನನ್ನೇ ನೋಡಿದಳು. ಕೆಳಗೆ ಕತ್ರೀನ ಪಾತ್ರೆ ಸದ್ದು ಮಾಡುತ್ತಿದ್ದಳು.

"ಕತ್ರೀನ ಉಳಿದ್ಲಲ್ಲ, ಡಾಕ್ಟ್ರೇ. ಲಿಡಿ ಓರಗೆಯವಳು. ಅದೇ ವಾರ ಅವರಪ್ಪ ನಿಮ್ಮನ್ನ ಕರ್ಕೊಂಡು ಹೋಗಿದ್ದ."

ಯೋಸ್ಟ್ ತಲೆ ತಗ್ಗಿಸಿದ. ಸಲೋಮೆ ಗೋಡೆಯ ಕಡೆ ಹೊರಳಿ ಬಹಳ ಹೊತ್ತು ಅತ್ತಳು. ಎದ್ದು ಹೋಗಲು ಅವನಿಗೆ ಮನಸ್ಸಾಗಲಿಲ್ಲ. ಕೊನೆಗೆ ಅವಳು ಮುಖ ಒರೆಸಿಕೊಂಡು ಸೊಸೆಯನ್ನು ಕೂಗಿದಳು.

ಕತ್ರೀನ ಸಾರಿನ ಬಟ್ಟಲು ಹಿಡಿದು ಬಂದಳು. ಸಲೋಮೆ ಕೈ ಚಾಚಿ ಅವಳ ಗಂಟಲನ್ನು ಮೆಲ್ಲಗೆ ಸವರಿದಳು. ಏನೂ ತಿಳಿಯದೆ ಕತ್ರೀನ ಡಾಕ್ಟರನ ಮುಖ ನೋಡಿದಳು.

"ಕುಡಿಸು ಮಗಾ," ಎಂದಳು ಸಲೋಮೆ.