ಎಂಟು ನಿಮಿಷದ ಸದ್ದು

ಸೊಸೆ ಹೆಬ್ಬೆರಳಿನಿಂದ ಅತ್ತೆಯ ತುಟಿಯ ಅಂಚನ್ನು ಮೆಲ್ಲಗೆ ಕೆಳಕ್ಕೆ ಒತ್ತಿ ನೋಡಿದಳು. ಇಳಿಯಲಿಲ್ಲ. ಶವಪೆಟ್ಟಿಗೆಯೊಳಗೂ ಅದೇ ನಗು.

"ಏನ್ ಮಾಡ್ತಿದ್ದೀಯ?" ಗಂಡ ಬಾಗಿಲಲ್ಲಿ ನಿಂತಿದ್ದ.

"ಕೂದಲು ಸರಿ ಮಾಡ್ತಿದ್ದೆ."

"ಸಮಾಧಿ ಹತ್ರ ನೀನೇ ನಾಲ್ಕು ಮಾತು ಹೇಳ್ಬೇಕಂತೆ. ಅಷ್ಟು ಕಷ್ಟದಲ್ಲೂ ಅಮ್ಮ ಹೇಗೆ ಸಂತೋಷವಾಗಿದ್ರು ಅಂತ. 'ಸೊಸೆನೇ ಮಾತಾಡ್ಲಿ' ಅಂತ ಅಮ್ಮ ಪಾಸ್ಟರಿಗೆ ಮೊದಲೇ ಹೇಳಿಟ್ಟಿದ್ರಂತೆ."

ಮುದುಕಿ ಹೋಗುವಾಗಲೂ ಒಂದು ಕೊಕ್ಕೆ ಹಾಕಿಯೇ ಹೋಗಿದ್ದಾಳೆ ಎಂದುಕೊಂಡಳು ಸೊಸೆ.

"ದೇವರ ಮುಂದೆ ನಿಂತು ನಾನು ಸುಳ್ಳು ಹೇಳಲ್ಲ," ಎಂದಳು.

"ಸುಳ್ಳು ಹೇಳು ಅಂದವರ್ಯಾರು?"

"ಆ ನಗು ನಿಜ ಅಂತ ನಿಮಗೆ ಹೇಗೆ ಗೊತ್ತು?"



* * *

ಮೂರು ವರ್ಷದ ಹಿಂದೆ, ಸೊಸೆಯ ಹನ್ನೊಂದು ದಿನದ ಕೂಸನ್ನು ಮಣ್ಣು ಮಾಡಿ ಬಂದ ಮರುದಿನವೇ ಅತ್ತೆ ಕೆಲಸಕ್ಕೆ ಹೋಗಿದ್ದರು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವರದು ಹಳೆಯ ಕೆಲಸ. ಸಂಜೆ ಬಂದವರು ನೀರು ಕಾಯಿಸಿ, ಏನೋ ಸ್ತುತಿಗೀತೆ ಗುನುಗುತ್ತ, ಬಾಣಂತಿ ಸೊಸೆಯ ಬೆನ್ನಿಗೆ ಹೊಯ್ದರು. ಅವರ ಕಣ್ಣು ಕೆಂಪಾಗಿತ್ತು.

"ಅತ್ತಿದ್ದೀರಾ?"

"ಇಲ್ಲ ಕಣಮ್ಮ. ಬ್ಲೀಚಿಂಗ್ ಪೌಡರ್ ಹಾರಿತು."

"ನಿಮ್ಮದು ಕಲ್ಲೆದೆ, ಅತ್ತೆ."

ಅತ್ತೆ ನಕ್ಕರು. ನೀರಿನ ಹದವನ್ನು ಮೊದಲು ತಮ್ಮ ಕೈಮೇಲೆ ನೋಡಿಕೊಂಡು ಇನ್ನೊಂದು ಚೊಂಬು ಹೊಯ್ದರು. ಮರುವರ್ಷ ಮಾವ ತೀರಿಕೊಂಡಾಗಲೂ ಅದೇ ಪೌಡರ್, ಅದೇ ಗುನುಗು.

* * *

ಮಧ್ಯಾಹ್ನ, ಸಮಾಧಿಗೆ ಹೊರಡುವ ಮುನ್ನ, ಒಗೆಯುವ ವಿಭಾಗದಿಂದ ಮೂವರು ಹೆಂಗಸರು ಬಂದು ಹಿತ್ತಿಲ ಬೆಂಚಿನ ಮೇಲೆ ಕೂತರು. ಅವರ ಮಾತು ಬೀದಿಗೆ ಕೇಳಿಸುತ್ತಿತ್ತು.

"ಸ್ವಲ್ಪ ಮೆತ್ತಗೆ," ಎಂದಳು ಸೊಸೆ.

"ಮಿಷಿನ್ ಪಕ್ಕ ಮೂವತ್ತು ವರ್ಷ, ತಾಯಿ. ಪಿಸುಮಾತೇ ಮರೆತುಹೋಗಿದೆ," ಎಂದಳು ಅವರಲ್ಲಿ ಹಿರಿಯಳು. ಎಲ್ಲರೂ ಅವಳನ್ನು ಇಸ್ತ್ರಿ ಅಕ್ಕ ಎನ್ನುತ್ತಿದ್ದರು.

"ಅಲ್ಲೂ ಅತ್ತೆ ಹೀಗೇ ನಗ್ತಿದ್ರಾ?"

ಮೂವರೂ ಮುಖ ಮುಖ ನೋಡಿಕೊಂಡರು.

"ಏನೋ ಮುಚ್ಚಿಡ್ತಿದ್ದೀರಿ."

"ಹೇಳಬೇಡಿ ಅಂದಿದ್ರು. ಇನ್ನು ಬೈಯೋರು ಯಾರಿದ್ದಾರೆ?" ಇಸ್ತ್ರಿ ಅಕ್ಕ ಸರಿದು ಜಾಗ ಕೊಟ್ಟಳು. "ಒದ್ದೆ ಬೆಡ್‌ಶೀಟ್ ಹಿಂಡೋ ಮಿಷಿನ್ ಒಂದಿದೆ. ಸ್ವಿಚ್ ಒತ್ತಿದ್ರೆ ಎಂಟು ನಿಮಿಷ ವಿಮಾನ ಹಾರಿದಂಗೆ ಸದ್ದು. ನಿಮ್ಮತ್ತೆ ದಿನಾ ಆ ಕೋಣೆಗೆ ಒಬ್ರೇ ಹೋಗಿ ಬಾಗಿಲು ಹಾಕ್ಕೊಳ್ಳೋರು. ಪ್ರಾರ್ಥನೆ ಅಂದ್ಕೊಂಡ್ವಿ. ಒಂದಿನ ಕರೆಂಟ್ ಹೋಯ್ತು. ಮಿಷಿನ್ ನಿಂತಿತು, ನಿಮ್ಮತ್ತೆ ನಿಲ್ಲಲಿಲ್ಲ."

"ಅಂದ್ರೆ?"

"ಕೂಗ್ತಿದ್ರು. ದೇವರ ಮೇಲೆ. 'ಹನ್ನೊಂದೇ ದಿನಕ್ಕೆ ಕಿತ್ಕೊಳ್ಳೋನು ಯಾಕೆ ಕೊಟ್ಟೆ? ಆ ಹುಡುಗಿ ಮುಖ ನೋಡೋಕಾಗ್ತಿಲ್ಲ ನನಗೆ. ನೀನೇ ಇಳಿದು ಬಂದು ಅವಳಿಗೆ ಉತ್ತರ ಹೇಳು!' ಅಂತ."

ಸೊಸೆ ಬೆಂಚಿನ ತುದಿಯಲ್ಲಿ ಕೂತಳು.

"ಹೊರಗೆ ಬಂದು 'ಕೇಳಿಸ್ತಾ?' ಅಂದ್ರು. 'ನಮಗೇ ಕೇಳಿಸಿದ ಮೇಲೆ ಅವನಿಗೂ ಕೇಳಿಸಿರುತ್ತೆ ಬಿಡಿ' ಅಂದೆ. ಹೊಟ್ಟೆ ಹಿಡ್ಕೊಂಡು ನಕ್ಕರು."

"ಹಾಗಾದ್ರೆ ಮನೇಲಿ ಆಡಿದ್ದು ನಾಟಕ."

"ಮೊದಮೊದಲು ಇದ್ದೀತು. ಎಂಟಕ್ಕೆ ಎಂಟು ನಿಮಿಷವೂ ಬೈಗುಳವೇ. ಆಮೇಲೆ ಅರ್ಧ ಬೈಗುಳ, ಅರ್ಧ ಹಾಡು. ಹೋದ ವರ್ಷದಿಂದ ಬಾಗಿಲು ಹಾಕೋದೇ ಬಿಟ್ಟಿದ್ರು, ಬರೀ ಹಾಡು. ಅದು ನಾಟಕ ಅಲ್ಲ ತಾಯಿ. ಜಗಳ ಮುಗಿಸಿ ರಾಜಿಯಾದವರ ನಗು."

"ನನಗ್ಯಾಕೆ ಹೇಳಲಿಲ್ಲ?"

"ನಿನ್ನ ದುಃಖದ ಮೇಲೆ ತಮ್ಮದನ್ನೂ ಹೇರಬಾರದು ಅಂತ. 'ಅದೇ ತಪ್ಪಾಯ್ತು, ಅವಳನ್ನ ಒಬ್ಬಳನ್ನೇ ಅಳೋಕೆ ಬಿಟ್ಟೆ' ಅಂತ ಕೊನೇಲಿ ಅಂದ್ರು."

* * *

ಸಮಾಧಿಯ ಬಳಿ ಪಾಸ್ಟರ್ ಕಣ್ಸನ್ನೆ ಮಾಡಿದರು. ಸೊಸೆ ಮುಂದೆ ಬಂದಳು.

"ಅತ್ತೆಯ ಸಂತೋಷದ ಮೇಲೆ ನನಗೆ ಅನುಮಾನ ಇತ್ತು."

ಗಂಡ ಗಾಬರಿಯಿಂದ ಅವಳ ಕೈ ಹಿಡಿದುಕೊಂಡ. ಅವಳು ಕೊಸರಿಕೊಳ್ಳಲಿಲ್ಲ.

"ಅವರು ಅತ್ತಿದ್ದನ್ನ ನಾನು ಒಂದ್ಸಲವೂ ನೋಡಿರಲಿಲ್ಲ. ಇವತ್ತು ಗೊತ್ತಾಯ್ತು, ನನ್ನ ಮಗೂಗೋಸ್ಕರ ಅವರು..."

ಮುಂದಿನ ಮಾತಿಗೆ ಜನ ಕಾದರು. ಪಾಸ್ಟರ್ ಪುಸ್ತಕದ ಹಾಳೆ ತಿರುವುವಷ್ಟರಲ್ಲಿ ಇಸ್ತ್ರಿ ಅಕ್ಕ ಯಾರ ಅಪ್ಪಣೆಗೂ ಕಾಯದೆ ಹಾಡು ಎತ್ತಿದಳು. ಉಳಿದಿಬ್ಬರೂ ಸೇರಿಕೊಂಡರು. ಗೋಡೆಯ ಮೇಲಿದ್ದ ಕಾಗೆಗಳೆಲ್ಲ ಒಮ್ಮೆಲೇ ಎದ್ದು ಹಾರಿದವು.

ಆ ಸದ್ದಿನ ನಡುವೆ ಸೊಸೆ ತಲೆಯೆತ್ತಿ ಬಾಯಿ ತೆರೆದಳು. ಅವಳ ಕತ್ತಿನ ನರಗಳು ಉಬ್ಬಿದ್ದವು. ಅವಳು ಕೂಗುತ್ತಿದ್ದುದು ಹಾಡಿನ ಸಾಲಲ್ಲ; ದೇವರನ್ನು ಅವಳು ಕೇಳುತ್ತಿದ್ದುದು, ಕೈ ಹಿಡಿದು ಪಕ್ಕದಲ್ಲೇ ನಿಂತಿದ್ದ ಗಂಡನಿಗೂ ಕೇಳಿಸಲಿಲ್ಲ.